ವ್ಯಾನಿಗೊಂದು ಕಂಬಳಿ

ಮಗಳ ಮನೆಯಲ್ಲಿ ನನಗೆಂದೇ ಮೀಸಲಾದ ಆಸನವೊಂದುಂಟು. ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರದ ಅಂಚಿನಲ್ಲಿರುವ ಆ ಮನೆಯ ಮುಂಗೋಣೆಯಲ್ಲಿ, ದಕ್ಷಿಣದ ಕಿಟಕಿಯ ಮಗ್ಗುಲಿಗೆ, ಆ ನಾಡಿನಲ್ಲಿ ದುರ್ಲಭವಾದ ಬಿಸಿಲು ಬಂದ ದಿನ ಮೊತ್ತಮೊದಲು ಇಳಿಯುವ ಜಾಗದಲ್ಲಿ ಅದು ಇರುವುದರಿಂದ, ಅಲ್ಲಿ ಕುಳಿತು ಊರಿನ ಪತ್ರಿಕೆಯನ್ನು ಫೋನಿನಲ್ಲಿ ಓದುವುದೂ, ಓದುತ್ತೋದುತ್ತಲೇ ಒಂದು ಸಣ್ಣ ತೂಕಡಿಕೆ ತೆಗೆಯುವುದೂ ನನ್ನ ಪ್ರಾತಃಕಾಲದ ನಿತ್ಯಕರ್ಮವಾಗಿದ್ದಿತು. ಒಂದು ದಿನ ಕಾಫಿಯ ಲೋಟ ಹಿಡಿದು ಬಂದು ನೋಡುತ್ತೇನೆ, ಆಸನದಲ್ಲಿ ಅನ್ಯರು ವಿರಾಜಮಾನರಾಗಿದ್ದಾರೆ: ಬೆಳ್ಳಿಯ ಹಾಳೆ ಹೊದ್ದ ಹಳದಿ ಹಲಗೆಯ ತುಂಡೊಂದು, ಕರಿಯ ರಬ್ಬರಿನ ಚೌಕವೊಂದು, ಕಾರ್ಕಿನ ಬಿಲ್ಲೆಯೊಂದು, ಇವೆಲ್ಲಕ್ಕೂ ಮೇಲೆ, ಪ್ಲಾಸ್ಟಿಕ್ ಚೀಲದ ಬಾಯಿಂದ ಅರ್ಧ ಹೊರಕ್ಕೆ ಉಕ್ಕಿದ ಬೂದುಬಣ್ಣದ ಕುರಿಯ ಉಣ್ಣೆ. ನಾನು ಕೈನೀಡುವಷ್ಟರಲ್ಲಿ ಒಳಗಿನಿಂದ ಅಳಿಯನ ಧ್ವನಿ ಕೇಳಿಬಂದಿತು: “ಮಾವ, ಅದನ್ನ ಅಲುಗಿಸಬೇಡಿ. ಹೋಲಿಸಿ ನೋಡೋದಕ್ಕೆ ಅಂತ ಸಾಲಾಗಿ ಇಟ್ಟಿದೀನಿ.”

ಸಂಗತಿ ಇಷ್ಟೆ. ಮಗಳೂ ಅಳಿಯನೂ ಕೂಡಿ ಹಳೆಯ ಫೋರ್ಡ್ ಟ್ರಾನ್ಸಿಟ್ ವ್ಯಾನೊಂದನ್ನು ಕೊಂಡಿದ್ದರು. ಪೂರ್ವಾಶ್ರಮದಲ್ಲಿ ಅದು ಹೂವಿನ ವ್ಯಾಪಾರಿಯೊಬ್ಬನ ಸೇವೆಯಲ್ಲಿದ್ದಿತಂತೆ. ಹಿಂಬಾಗಿಲನ್ನು ತೆರೆದರೆ ಈಗಲೂ ಒಣಗಿದ ಎಲೆಯ ವಾಸನೆ ಬರುವುದು. ಇನ್ನು ಮುಂದೆ ಅದು ಮನೆಯಾಗತಕ್ಕದ್ದು: ಮಂಚ, ಒಲೆ, ಕೈತೊಳೆಯುವ ತೊಟ್ಟಿ, ಪುಸ್ತಕದ ಗೂಡು ಸಹಿತವಾದ ಚಲಿಸುವ ಮನೆ. ಕ್ಯಾಂಪರ್ ವ್ಯಾನ್ ಎಂಬ ಈ ವ್ಯಾಮೋಹ ಹೊಸದೇನಲ್ಲ. ಜರ್ಮನಿಯ ಫೋಕ್ಸ್‌ವ್ಯಾಗನ್ ಕಂಪನಿ 1950ರಲ್ಲಿ ತನ್ನ ಪೆಟ್ಟಿಗೆಯಾಕಾರದ ವ್ಯಾನನ್ನು ತಯಾರಿಸತೊಡಗಿದ ಮರುವರ್ಷವೇ ವೆಸ್ಟ್‌ಫಾಲಿಯಾ ಎಂಬ ಸಂಸ್ಥೆಯವರು ಅದರೊಳಗೆ ಇಟ್ಟು ತೆಗೆಯಬಹುದಾದ ಮಂಚ-ಕಪಾಟುಗಳ ಸಲಕರಣೆಯೊಂದನ್ನು ಹೊರತಂದರು. ವಾರವೆಲ್ಲ ಸರಕು ಹೊತ್ತ ವ್ಯಾನು ಶನಿವಾರದ ಸಂಜೆ ಅದನ್ನು ಒಳಗಿಟ್ಟುಕೊಂಡು, ಸಂಸಾರವನ್ನು ಏರಿಸಿಕೊಂಡು, ಕಾಡಿಗೋ ಕೆರೆಯ ದಂಡೆಗೋ ಹೊರಟುಬಿಡಬಹುದಾಗಿದ್ದಿತು.

ತೀರ್ಥಹಳ್ಳಿಯ ಕಡೆ ಹುಟ್ಟಿ ಬೆಳೆದ ನನಗೆ ಇದರಲ್ಲಿ ಅದ್ಭುತವೇನೂ ತೋರಲಿಲ್ಲ. ನನ್ನ ಬಾಲ್ಯದಲ್ಲಿ ಮದುವೆಗೋ ಜಾತ್ರೆಗೋ ಹೊರಡುವ ಕಮಾನುಗಾಡಿಯೂ ಹೀಗೆಯೇ ಮನೆಯ ರೂಪವನ್ನು ತಾಳುತ್ತಿದ್ದಿತು. ಹಲಗೆಯ ಮೇಲೆ ಗೇಣೆತ್ತರ ಒಣಹುಲ್ಲು ಹರಡಿ, ಅದರ ಮೇಲೆ ಜಮಖಾನ ಹಾಸಿ, ಬಿದಿರು ತಟ್ಟಿಯ ಕಮಾನಿನೊಳಗೆ ಹೆಂಗಸರೂ ಮಕ್ಕಳೂ ತಿಂಡಿಯ ಡಬ್ಬಗಳೂ ತೂರಿಕೊಂಡರೆ ಗಾಡಿ ಅಣಿಯಾದಂತೆಯೆ. ಯಾವ ಹುಲ್ಲನ್ನು ಹಾಸಬೇಕೆಂಬ ವಿಷಯದಲ್ಲಿ ಯಾರೂ ತರ್ಕ ಹೂಡಿದ್ದು ನನಗೆ ನೆನಪಿಲ್ಲ. ಹಾದಿಯಲ್ಲಿ ಗಾಡಿ ಬಿಟ್ಟಾಗಲೆಲ್ಲ ಎತ್ತುಗಳಿಗೆ ಅದರಲ್ಲೇ ಒಂದೊಂದು ಹಿಡಿ ಕಿತ್ತು ಹಾಕುತ್ತಿದ್ದುದರಿಂದ, ಹೋಗುವಾಗ ಮೆತ್ತಗಿದ್ದ ಆಸನ ಬರುವಾಗ ಹಲಗೆಯನ್ನು ನೆನಪಿಸುತ್ತಿದ್ದಿತು ಎಂಬುದೊಂದೇ ತಕರಾರು.

ಇಲ್ಲಿಯಾದರೋ ರಾತ್ರಿ ಊಟಕ್ಕೆ ಕುಳಿತರೆ ಸಾರಿಗಿಂತ ಮುಂಚೆ ಸಂಖ್ಯೆಗಳು ಬಂದು ಎಲೆಗೆ ಬೀಳುತ್ತಿದ್ದುವು. ಅಳಿಯ ಸ್ವಭಾವತಃ ಮಿತಭಾಷಿ. ಆದರೆ ಅಂಕಿಗಳ ವಿಷಯ ಬಂದರೆ ಅವನ ಮಿತಿ ಕಟ್ಟೆಯೊಡೆಯುವುದು. ಯಾವ ವಸ್ತು ತನ್ನ ಮೂಲಕ ಶಾಖವನ್ನು ಎಷ್ಟು ಹಾಯಗೊಡುತ್ತದೆಂಬುದನ್ನು ಅಳೆದು ವಿಜ್ಞಾನಿಗಳು ಒಂದೊಂದಕ್ಕೂ ಒಂದೊಂದು ಅಂಕಿ ಕೊಟ್ಟಿದ್ದಾರೆ. ಅದಕ್ಕೆ ಗ್ರೀಕರ ಲ್ಯಾಂಬ್ಡಾ ಅಕ್ಷರ ಗುರುತು. ಅಂಕಿ ಕಿರಿದಾದಷ್ಟೂ ವಸ್ತು ಹಿರಿದು. ಉಕ್ಕಿಗೆ ಸುಮಾರು 50 ಎಂದಾಗ, ಬರಿಯ ತಗಡಿನ ವ್ಯಾನಿನಲ್ಲಿ ಯಾರ್ಕ್‌ಷೈರಿನ ಚಳಿಗಾಲವನ್ನು ಕಳೆಯುವವನ ಗತಿಯೇನೆಂಬುದು ನನಗೂ ತಿಳಿಯಿತು. ಕಾರ್ಕಿಗೆ 0.040, ಕುರಿಯ ಉಣ್ಣೆಗೆ 0.035ರಿಂದ 0.040, ಒತ್ತಿ ಮಾಡಿದ ಪಾಲಿಸ್ಟೈರೀನ್ ಹಲಗೆಗೆ 0.033ರ ಆಸುಪಾಸು, ಬೆಳ್ಳಿ ಹಾಳೆಯ ಪಿಐಆರ್ ಹಲಗೆಗೆ 0.022. “ಇನ್ನು ಮಾತೇ ಬೇಡ, ಪಿಐಆರ್ ಗೆದ್ದ ಹಾಗೆ,” ಎನ್ನುವನು ಅಳಿಯ. “ವ್ಯಾನಿನ ಗೋಡೆ ಡೊಂಕು, ನಿನ್ನ ಹಲಗೆ ನೆಟ್ಟಗೆ. ನಡುವೆ ಉಳಿಯೋ ಸಂದಿಗೆ ಏನು ಮಾಡ್ತೀಯ? ಹಳ್ಳದ ದಾರೀಲಿ ಹೋದರೆ ಅದು ತಗಡಿಗೆ ತಿಕ್ಕಿ ಕಿರ್ ಕಿರ್ ಅನ್ನೋದನ್ನ ಯಾರು ಕೇಳ್ತಾರೆ?” ಎನ್ನುವಳು ಮಗಳು. ಸಂದಿಗೆ ನೊರೆ ಸಿಂಪಡಿಸಬಹುದೆಂದು ಅವನು. ಹಾಗೆ ಗೋಡೆಗೆಲ್ಲ ನೊರೆ ಹೊಡೆಸಿಕೊಂಡವರೊಬ್ಬರ ವ್ಯಾನಿನಲ್ಲಿ, ನೊರೆ ಉಬ್ಬಿ ಗಟ್ಟಿಯಾಗುವಾಗ ಪಕ್ಕೆಯ ತಗಡನ್ನೇ ಸೊಟ್ಟಗೆ ಮಾಡಿದ್ದನ್ನು ಕಣ್ಣಾರೆ ಕಂಡವಳು ಅವಳು. ಬೇಡವೆಂದಾಗ ಅದನ್ನು ಕೆರೆದು ತೆಗೆಯುವುದಂತೂ ಶತ್ರುವಿಗೂ ಬೇಡವಾದ ಕೆಲಸ. ಹೀಗೆ ಚರ್ಚೆ ಮಜ್ಜಿಗೆಯವರೆಗೂ ನಡೆದು, ಕೊನೆಗೆ ಇಬ್ಬರೂ ನನ್ನ ಕಡೆಗೆ ತಿರುಗುವರು: “ಅಪ್ಪ, ನೀನೇ ಹೇಳು.”

ಜೀವಮಾನವೆಲ್ಲ ಹಳಗನ್ನಡ ಕಾವ್ಯ ಪಾಠ ಹೇಳಿದವನು ನಾನು. ಅರ್ಧ ಅಂಕಕ್ಕಾಗಿ ಕಣ್ಣೀರಿಟ್ಟ ವಿದ್ಯಾರ್ಥಿಗಳನ್ನು ಕಂಡಿದ್ದೇನಾದರೂ ದಶಮಾಂಶದ ಮೂರನೆಯ ಸ್ಥಾನಕ್ಕಾಗಿ ಊಟ ಆರಗೊಟ್ಟ ದಂಪತಿಗಳನ್ನು ಕಂಡದ್ದು ಅದೇ ಮೊದಲು. ಮರ್ಯಾದೆ ಉಳಿಸಿಕೊಳ್ಳುವುದಕ್ಕಾಗಿ, ಪರೀಕ್ಷಕನ ಗತ್ತಿನಲ್ಲಿ, ಮನಸ್ಸಿಗೆ ತೋಚಿದ ಒಂದು ಪ್ರಶ್ನೆಯನ್ನು ಎಸೆದೆ: “ಸುಮ್ಮನೆ ಗಾಳಿಗೆ ಎಷ್ಟು?” ಅಳಿಯ ತುಸು ಹೊತ್ತು ಫೋನನ್ನು ನೋಡಿ, “0.025 ಮಾವ,” ಎಂದ. ಉಣ್ಣೆಗಿಂತ ಮೇಲು, ಕಾರ್ಕಿಗಿಂತ ಮೇಲು, ಹಣ ಕೊಡಬೇಕಾದುದಿಲ್ಲ, ವ್ಯಾನಿನ ತುಂಬ ಈಗಾಗಲೇ ತುಂಬಿಕೊಂಡಿದೆ. ನಾನು ವಿಜಯದ ನಗೆ ನಕ್ಕೆ. “ಆದರೆ ಅದು ಅಲುಗಾಡದೆ ಇದ್ದರೆ ಮಾತ್ರ,” ಎಂದು ಅವನು ಮೆಲ್ಲನೆ ಸೇರಿಸಿದ. ಬಿಸಿಯಾದ ಗಾಳಿ ಮೇಲೇರಿ, ತಣಿದದ್ದು ಕೆಳಗಿಳಿದು, ತಿರುತಿರುಗಿ ಶಾಖವನ್ನು ಹೊತ್ತೊಯ್ದು ತಗಡಿಗೆ ಒಪ್ಪಿಸುತ್ತದೆಯಂತೆ. ಆದಕಾರಣ ಲೋಕದಲ್ಲಿ ಇನ್ಸುಲೇಷನ್ ಎಂದು ಮಾರುವುದೆಲ್ಲವೂ, ಕುರಿಯದಾಗಲಿ ಕಾರ್ಖಾನೆಯದಾಗಲಿ, ಗಾಳಿಯನ್ನು ಸಣ್ಣಸಣ್ಣ ಕೋಣೆಗಳಲ್ಲಿ ಕೂಡಿಹಾಕಿ ಅಲುಗದಂತೆ ಮಾಡುವ ಉಪಾಯವೇ ಸರಿ. ಪಿಐಆರ್ ಹಲಗೆ ಗಾಳಿಯನ್ನೂ ಮೀರಿಸಿದ್ದು ಹೇಗೆಂದರೆ, ಅದರ ಕೋಣೆಗಳಲ್ಲಿ ಗಾಳಿಗೆ ಬದಲು ಅದಕ್ಕಿಂತ ಮಂದವಾದ ಬೇರೊಂದು ಅನಿಲವನ್ನು ಸೆರೆಯಿಟ್ಟಿದ್ದಾರೆ.

ಈ ಮರ್ಮವನ್ನು ಹಿಂದೆಯೇ ಊಹಿಸಿದ ಮಹಾನುಭಾವನೊಬ್ಬನಿದ್ದನು. ಬೆಂಜಮಿನ್ ಥಾಂಪ್ಸನ್ ಎಂದು ಅವನ ಹೆಸರು. ಅಮೆರಿಕದಲ್ಲಿ ಹುಟ್ಟಿ, ಅಲ್ಲಿಯ ಸ್ವಾತಂತ್ರ್ಯಸಮರದಲ್ಲಿ ಆಂಗ್ಲರ ಪರವಾಗಿ ಗೂಢಚರ್ಯೆ ನಡೆಸಿ, ಆಮೇಲೆ ಬವೇರಿಯದ ದೊರೆಯ ಸೇವೆಗೆ ಸೇರಿ, ಕೌಂಟ್ ರಮ್‌ಫರ್ಡ್ ಎಂಬ ಬಿರುದು ಪಡೆದವನು. ಉಷ್ಣಮಾಪಕವೊಂದನ್ನು ಗಾಜಿನ ಬುರುಡೆಯೊಳಗೆ ನಿಲ್ಲಿಸಿ, ಸುತ್ತಲ ಎಡೆಯಲ್ಲಿ ಒಂದು ಸಲ ರೇಷ್ಮೆ, ಒಂದು ಸಲ ಹತ್ತಿ, ಒಂದು ಸಲ ಕುರಿಯ ಉಣ್ಣೆ, ಒಂದು ಸಲ ಮೊಲದ ತುಪ್ಪುಳು, ಇನ್ನೊಂದು ಸಲ ಬಾತಿನ ಎಳೆಗರಿ ತುಂಬಿ, ಕುದಿಯುವ ನೀರಿನಲ್ಲಿ ಕಾಯಿಸಿ, ಮಂಜುಗಡ್ಡೆಯ ನೀರಿನಲ್ಲಿ ಮುಳುಗಿಸಿ, ಯಾವುದರ ನಡುವೆ ಪಾದರಸ ನಿಧಾನವಾಗಿ ಇಳಿಯುವುದೆಂದು ಗಡಿಯಾರ ಹಿಡಿದು ಕುಳಿತನಂತೆ. ಮೊಲಕ್ಕೂ ಬಾತಿಗೂ ಅಗ್ರಸ್ಥಾನ. ಹತ್ತಿ ಹಿಂದೆ ಬಿದ್ದಿತು. ಕುರಿ ನಡುವಿನ ದರ್ಜೆಯಲ್ಲಿ ತೇರ್ಗಡೆಯಾಯಿತು. 1792ರಲ್ಲಿ ಅಚ್ಚಾದ ಆ ಪ್ರಬಂಧದಲ್ಲಿ ಅವನು, ಬೆಚ್ಚಗಿಡುವುದು ರೋಮಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಎಂದು ಬರೆದ. ವ್ಯಾನಿಗೆ ಮೊಲದ ತುಪ್ಪುಳನ್ನು ಹೊಂದಿಸಬಹುದೇ ಎಂದು ನಾನು ಕೇಳಿದ್ದಕ್ಕೆ ಮಗಳು ಉತ್ತರ ಕೊಡಲಿಲ್ಲ.

ಅವಳಿಗೆ ಉಣ್ಣೆಯ ಮೇಲೆಯೇ ಕಣ್ಣು. ನಾನು ಬಾಯಿಬಿಟ್ಟು ಹೇಳದಿದ್ದರೂ ನನ್ನ ಓಟೂ ಆ ಕಡೆಗೇ ಇದ್ದಿತು. ಕಾರಣ ಮಾತ್ರ ಲ್ಯಾಂಬ್ಡಾಕ್ಕೆ ಸಂಬಂಧಪಟ್ಟುದಲ್ಲ. ಕುರ್ಚಿಯಲ್ಲಿದ್ದ ಆ ಚೀಲದಿಂದ ಒಂದು ಎಳೆಯನ್ನು ಕಿತ್ತು ಮೂಗಿಗೆ ಹಿಡಿದ ಕ್ಷಣದಲ್ಲಿ ನಾನು ನಮ್ಮ ಮನೆಯ ಜಗಲಿಯ ಮೇಲಿದ್ದೆ.

ಮುಂಗಾರು ಹಿಡಿಯುವುದಕ್ಕೆ ಮುನ್ನ, ಹಲಸು ಹಣ್ಣಾಗುವ ಕಾಲಕ್ಕೆ, ಚಳ್ಳಕೆರೆಯ ಕಡೆಯಿಂದ ಕಂಬಳಿ ಮಾರುವವರು ಹೆಗಲ ಮೇಲೆ ಹೊರೆ ಹೊತ್ತು ಘಟ್ಟದ ಸೀಮೆಗೆ ಬರುತ್ತಿದ್ದರು. ಹೊರೆ ಬಿಚ್ಚಿದರೆ ಜಗಲಿಯ ತುಂಬ ಕುರಿಯ ವಾಸನೆ, ಅದರ ಜೊತೆಗೆ ಹುಣಿಸೆಬೀಜದ ಗಂಜಿಯ ಒಂದು ಹುಳಿಯಾದ ಘಾಟು. ಮಗ್ಗದ ನೂಲಿಗೆ ಬಿಗಿ ಬರಲೆಂದು ಆ ಗಂಜಿಯನ್ನು ಉಣಿಸಿರುತ್ತಾರೆ. ಅಜ್ಜಯ್ಯ ಒಂದೊಂದನ್ನೂ ಬೆಳಕಿಗೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿ ನೋಡುವನು. ಬೆಳಕಿನ ಚುಕ್ಕೆ ಕಂಡಿತೋ, ಒಂದು ರೂಪಾಯಿ ಇಳಿಯಿತು. ಕಂಬಳಿಯವನೂ ಸಾಮಾನ್ಯನಲ್ಲ. ಮಕ್ಕಳಾದ ನಮ್ಮನ್ನು ಕರೆದು ನಾಲ್ವರ ಕೈಗೆ ನಾಲ್ಕು ಮೂಲೆ ಕೊಟ್ಟು, “ಬಿಗಿಯಾಗಿ ಹಿಡೀರಿ ಸಣ್ಣಯ್ಯಾ,” ಎಂದು ಹೇಳಿ, ಅಜ್ಜಿಯಿಂದ ಒಂದು ತುಂಬಿದ ತಂಬಿಗೆ ಇಸಿದುಕೊಂಡು ನಡುವಿಗೆ ಸುರಿದುಬಿಡುವನು. ನೀರು ಅಲ್ಲಿಯೇ ಕೊಳದಂತೆ ನಿಲ್ಲುವುದು. ನಾವು ಬಗ್ಗಿ ಕೆಳಗಿನಿಂದ ನೋಡಿದರೆ ಕಂಬಳಿಯ ಹೊಟ್ಟೆ ಕಪ್ಪಾಗಿ ಜೋತಿದೆ. ಅದರ ತುದಿಯಲ್ಲಿ ಒಂದು ಹನಿ ಮೂಡುವಂತೆ ತೋರುವುದು, ಮೂಡದು. ನಮ್ಮ ಕತ್ತು ನೋಯುವಷ್ಟು ಹೊತ್ತು ಕಾದರೂ ಆ ಹನಿ ನೆಲಕ್ಕೆ ಬೀಳುತ್ತಿರಲಿಲ್ಲ. ಅಜ್ಜಯ್ಯ ಇಳಿಸಿದ ರೂಪಾಯಿಯನ್ನು ಮತ್ತೆ ಏರಿಸುತ್ತಿದ್ದನು.

ಆ ಕಂಬಳಿಯ ಎರಡು ಮೂಲೆಗಳನ್ನು ಮಡಿಸಿ ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡು, ಎದೆಗೆ ಪುಸ್ತಕದ ಚೀಲ ಅವುಚಿಕೊಂಡು, ಆಗುಂಬೆಯ ಕಡೆಯಿಂದ ಬೀಸಿ ಬರುವ ಆಷಾಢದ ಮಳೆಯಲ್ಲಿ ಶಾಲೆಗೆ ನಡೆದದ್ದು ಈಗಲೂ ಮೈಗೆ ನೆನಪಿದೆ. ಒಂದು ಮೈಲಿ ಕಳೆಯುವಷ್ಟರಲ್ಲಿ ಕಂಬಳಿ ಒದ್ದೆಯಾಗುತ್ತಿದ್ದಿತು, ಭಾರವಾಗುತ್ತಿದ್ದಿತು. ಒಳಗೆ ಮಾತ್ರ ಬೆಚ್ಚಗೆಯೇ ಇರುತ್ತಿದ್ದಿತು. ಅದೇಕೆಂದು ಆಗ ಕೇಳಿದವರಿಲ್ಲ. ಈಗ ಅಳಿಯನಿಂದ ತಿಳಿದದ್ದು: ಉಣ್ಣೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಎಳೆಗಳ ಒಳಗೆ ಹೀರಿಕೊಂಡೂ ಮುಟ್ಟಿದರೆ ಒಣಗಿದಂತೆಯೇ ಇರಬಲ್ಲುದು, ಹೀರಿಕೊಳ್ಳುವಾಗ ಅಲ್ಪಸ್ವಲ್ಪ ಶಾಖವನ್ನು ತಾನೇ ಹೊರಸೂಸುವುದು. ತನ್ನ ಎದುರುಪಕ್ಷಕ್ಕೆ ಅನುಕೂಲವಾದ ಈ ಸಾಕ್ಷ್ಯವನ್ನು ಅವನು ಮುಚ್ಚಿಡದೆ ಒಪ್ಪಿಸಿದ್ದನ್ನು ಕಂಡು, ಮಗಳನ್ನು ಯೋಗ್ಯನ ಕೈಯಲ್ಲಿ ಕೊಟ್ಟಿದ್ದೇವೆಂದು ನನಗೆ ಸಮಾಧಾನವಾಯಿತು.

ಅಜ್ಜಿಯದು ಬೇರೆಯೇ ಶಾಸ್ತ್ರ. ನೂಲಿನ ಬಟ್ಟೆಯಾದರೆ ಒಗೆದು ಒಣಹಾಕಿ ಯಾರೂ ಮುಟ್ಟದೆ ಇದ್ದರೆ ಮಾತ್ರ ಮಡಿ. ಅವಳ ದಾವಳಿಗಾದರೋ ಮೈಲಿಗೆ ಎಂಬುದೇ ಇರಲಿಲ್ಲ. ಅಡಿಗೆಮನೆಯ ಮಾಡಿನಡಿಯ ಗಳುವಿನ ಮೇಲೆ ವರ್ಷವೆಲ್ಲ ಹೊಗೆ ಕುಡಿಯುತ್ತ ತೂಗಾಡುತ್ತಿದ್ದ ಆ ಉಣ್ಣೆಯ ವಸ್ತ್ರವನ್ನು ಕೋಲಿನಿಂದ ಇಳಿಸಿ ಉಟ್ಟುಕೊಂಡಳೆಂದರೆ ಅವಳು ನಮಗೆ ಅಸ್ಪೃಶ್ಯಳು. ಚುಚ್ಚುವ ಆ ದಾವಳಿಯನ್ನು ಬೇಸಗೆಯ ಒಲೆಯ ಮುಂದೆ ಅವಳು ಹೇಗೆ ತಾಳಿಕೊಂಡಳೋ, ಮಡಿಯ ಮಹಿಮೆ ಎಂದೇ ಹೇಳಬೇಕು.

ಬ್ರಾಡ್‌ಫರ್ಡಿನಲ್ಲಿ ಉಣ್ಣೆಯನ್ನು ಹುಡುಕುವುದೆಂದರೆ ಹಳೆಯ ಅರಮನೆಯಲ್ಲಿ ಅರಸನನ್ನು ಹುಡುಕಿದಂತೆ. ಊರನ್ನು ಕಟ್ಟಿದ್ದೇ ಉಣ್ಣೆ. ಹತ್ತಿರದ ಸಾಲ್ಟೇರಿನಲ್ಲಿ ಟೈಟಸ್ ಸಾಲ್ಟ್ ಎಂಬವನು 1853ರಲ್ಲಿ ತೆರೆದ ಗಿರಣಿ ಕೋಟೆಯ ಹಾಗೆ ಇನ್ನೂ ನಿಂತಿದೆ. ಒಳಗೆ ಈಗ ಚಿತ್ರಶಾಲೆ. ಊರ ನಡುವೆ 1867ರಲ್ಲಿ ಪೂರ್ತಿಯಾದ ಉಣ್ಣೆ ವಿನಿಮಯ ಭವನಕ್ಕೆ ನಾವು ಹೋದೆವು. ಚರ್ಚಿನಂತೆ ಮುಗಿಲಿಗೇರಿದ ಕಮಾನುಗಳ ಕೆಳಗೆ, ಒಂದು ಕಾಲದಲ್ಲಿ ವ್ಯಾಪಾರಿಗಳು ನಿಂತು ಲಕ್ಷಾಂತರ ಪೌಂಡಿನ ವ್ಯವಹಾರವನ್ನು ಕಣ್ಸನ್ನೆಯಲ್ಲಿ ಮುಗಿಸುತ್ತಿದ್ದ ನೆಲದ ಮೇಲೆ, ಈಗ ಪುಸ್ತಕದಂಗಡಿ ಇದೆ. ಅಳಿಯನೂ ಮಗಳೂ ವ್ಯಾನಿನ ಪುಸ್ತಕಗಳ ಕಪಾಟಿನ ಮುಂದೆ ನಿಂತರು. ನಾನು ಮಾಳಿಗೆಯ ಕಾಫಿ ಅಂಗಡಿಯಲ್ಲಿ ಕುಳಿತು ಕೆಳಗಡೆ ಪುಟ ತಿರುವುವವರನ್ನು ನೋಡುತ್ತ, ಉಣ್ಣೆ ಸೋತು ಪುಸ್ತಕ ಗೆದ್ದ ಸ್ಥಳವೊಂದಾದರೂ ಭೂಮಂಡಲದಲ್ಲಿ ಇದೆಯಲ್ಲಾ ಎಂದು ಮೇಷ್ಟರಿಗೆ ಉಚಿತವಾದ ಸಂತೋಷವನ್ನು ಅನುಭವಿಸಿದೆ. ಕಾಫಿ ಚೆನ್ನಾಗಿರಲಿಲ್ಲ.

ಉಣ್ಣೆಯನ್ನು ಮೂಲದಲ್ಲೇ ಕೊಳ್ಳೋಣವೆಂದು ಮಗಳು ಒಂದು ದಿನ ನಮ್ಮನ್ನು ಉತ್ತರದ ಡೇಲ್ಸ್ ಕಣಿವೆಗಳ ಕಡೆಗೆ ಕರೆದೊಯ್ದಳು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಗೋಡೆಗಳು ಗುಡ್ಡವನ್ನು ಹತ್ತಿ ಇಳಿಯುತ್ತವೆ. ಅವುಗಳ ನಡುವೆ ಕಪ್ಪು ಮುಖ, ಬಿಳಿಯ ಮೂತಿ, ಸುರುಳಿಗೊಂಬಿನ ಸ್ವೇಲ್‌ಡೇಲ್ ಕುರಿಗಳು ನಮ್ಮನ್ನು ತುಚ್ಛವಾಗಿ ನೋಡಿ ಮತ್ತೆ ಮೇಯತೊಡಗುತ್ತವೆ. ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಮುದುಕ ರೈತ ನಮ್ಮ ಬೇಡಿಕೆಯನ್ನು ಕೇಳಿ, ಮೂಲೆಯ ರಾಶಿಯನ್ನು ತೋರಿಸಿ, “ಬೇಕಾದಷ್ಟು ಎತ್ತಿಕೊಂಡು ಹೋಗಿ,” ಎಂದ. ಬೆಲೆ? ಬೆಲೆ ಏನೂ ಇಲ್ಲ. ಒಂದು ಕುರಿಯ ತುಪ್ಪಟ ಕತ್ತರಿಸುವವನಿಗೆ ತಾನು ಕೊಡುವ ಕೂಲಿ ಆ ತುಪ್ಪಟದಿಂದ ಬರುವ ಹಣಕ್ಕಿಂತ ಹೆಚ್ಚು. ಕತ್ತರಿಸದೆ ಬಿಟ್ಟರೆ ಬೇಸಗೆಯಲ್ಲಿ ನೊಣ ಮೊಟ್ಟೆಯಿಟ್ಟು ಮೈಗೆ ಹುಳ ಬೀಳುತ್ತದೆ. ಆದ್ದರಿಂದ ಪ್ರತಿವರ್ಷವೂ ನಷ್ಟವನ್ನು ಕತ್ತರಿಸಿ ರಾಶಿ ಹಾಕುವುದು. ಒಂದು ರೂಪಾಯಿಗಾಗಿ ಇಡೀ ಬೆಳಗ್ಗೆ ಚೌಕಾಸಿ ಮಾಡಿದ ಅಜ್ಜಯ್ಯನ ಮೊಮ್ಮಗನಿಗೆ ಇದನ್ನು ನಂಬುವುದು ಕಷ್ಟವಾಯಿತು. ಬಿಟ್ಟಿಯಾಗಿ ತರುವುದು ನಮ್ಮಲ್ಲಿ ಶ್ರೇಯಸ್ಸಲ್ಲವೆಂದು ನಾನು ನೋಟನ್ನು ಮುಂದೊಡ್ಡಿದೆ. ಅವನು ಹಿಂದೆ ಸರಿಸಿದ. ನಾನು ಮತ್ತೆ ಒಡ್ಡಿದೆ. ಬೀಗರ ಮನೆಯಲ್ಲಿ ಬೀಳ್ಕೊಡುವಾಗ ನಡೆಯುವ ಈ ಜಗ್ಗಾಟದ ವಿಧಿ ಅವನಿಗೆ ತಿಳಿದಿರಲಿಲ್ಲವಾಗಿ ಅವನು ಸ್ವಲ್ಪ ಗಾಬರಿಯಾದಂತೆ ತೋರಿತು. ಕೊನೆಗೆ ಮಗಳು, ತಲೆತಗ್ಗಿಸಿಕೊಂಡು, ಅವನ ಹೆಂಡತಿಯಿಂದ ಒಂದಿಷ್ಟು ಕೋಳಿಮೊಟ್ಟೆಗಳನ್ನು ಕೊಂಡು ಇಬ್ಬರ ಮಾನವನ್ನೂ ಕಾಪಾಡಿದಳು. ಮೊಟ್ಟೆ ತಿನ್ನದ ನಮ್ಮ ಮನೆಯಿಂದ ಅವು ಅದೇ ಸಂಜೆ ಪಕ್ಕದ ಮನೆಗೆ ಹೋದುವು.

ಬೆಲೆಯಿಲ್ಲದ ವಸ್ತುವಿಗೆ ಬೆಚ್ಚಗಿಡುವ ಗುಣ ಒಲಿದುಬರುವುದು ಒಂದು ವಿಚಿತ್ರ. ತಣ್ಣಗಿಡುವ ಗುಣವೂ ಅದೇ ತಾನೆ. ಬೋಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕ 1833ರಲ್ಲಿ ತನ್ನ ಊರಿನ ಕೆರೆಗಳ ಮಂಜುಗಡ್ಡೆಯನ್ನು ಹಡಗಿಗೇರಿಸಿ ಕಲ್ಕತ್ತೆಗೆ ಕಳುಹಿಸಿದ. ಹಡಗು ಭೂಮಧ್ಯರೇಖೆಯನ್ನು ಎರಡು ಬಾರಿ ದಾಟಿ, ನಾಲ್ಕು ತಿಂಗಳ ಮೇಲೆ ಹೂಗ್ಲಿ ನದಿಯನ್ನು ಸೇರಿದಾಗ, ಹೊರಟ 180 ಟನ್ನಿನಲ್ಲಿ ಸುಮಾರು 100 ಟನ್ ಇನ್ನೂ ಗಡ್ಡೆಯಾಗಿಯೇ ಇದ್ದಿತು. ಅದನ್ನು ಕಾಪಾಡಿದ್ದು ಚರ್ಮ ಹದಮಾಡುವವರು ಬಳಸಿ ಎಸೆಯುತ್ತಿದ್ದ ಮರದ ತೊಗಟೆಯ ಪುಡಿ. ಅದೇ ವ್ಯಾಪಾರಕ್ಕಾಗಿ ಮದ್ರಾಸಿನ ಕಡಲ ದಂಡೆಯಲ್ಲಿ ಕಟ್ಟಿದ ಐಸ್ ಹೌಸಿನಲ್ಲಿ 1897ರಲ್ಲಿ ವಿವೇಕಾನಂದರು ಕೆಲವು ದಿನ ತಂಗಿದ್ದರು. ತಿರುವಲ್ಲಿಕ್ಕೇಣಿಯಲ್ಲಿ ನೆಲೆಸಿದ್ದ ನನ್ನ ಅಕ್ಕನ ಮನೆಗೆ ಹೋದಾಗ ಆ ಕಟ್ಟಡದ ಮುಂದೆ ಎಷ್ಟೋ ಸಂಜೆ ಓಡಾಡಿದ್ದೇನೆ. ಬೆವರು ಒರೆಸಿಕೊಳ್ಳುತ್ತ ಅದರ ದುಂಡು ಗೋಡೆಯನ್ನು ನೋಡಿ, ಅಮೆರಿಕದ ಕೆರೆ ಇಲ್ಲಿ ನೆಲೆಸಿದ್ದಾಗ ನಾನು ಹುಟ್ಟಲಿಲ್ಲವಲ್ಲಾ ಎಂದು ಹಲುಬಿದ್ದೇನೆ.

ರೈತನಿಂದ ತಂದ ತುಪ್ಪಟ ವ್ಯಾನಿಗೆ ಒದಗಲಿಲ್ಲ. ಗ್ಯಾರೇಜಿನಲ್ಲಿ ಎರಡು ದಿನ ಇದ್ದಷ್ಟರಲ್ಲಿ ಅದರ ಜಿಡ್ಡಿನ ನಾತ ಮೆಟ್ಟಿಲೇರಿ ಮಲಗುವ ಕೋಣೆಗೆ ಬಂದಿತು. ಅದನ್ನು ತೊಳೆದು, ಮುಳ್ಳು ಹಿಕ್ಕೆ ಆರಿಸಿ, ಹಿಂಜಿ, ನುಸಿ ಹತ್ತದಂತೆ ಬೊರಾಕ್ಸ್ ಉಣಿಸುವ ಅವಧಿಯಲ್ಲಿ ವ್ಯಾನಿಗೇ ತುಕ್ಕು ಹಿಡಿಯುವುದೆಂದು ಅಳಿಯ ಲೆಕ್ಕ ಹಾಕಿದ. ಆ ಸಂಸ್ಕಾರಗಳೆಲ್ಲ ಆಗಿ ಸುರುಳಿಯಾಗಿ ಸುತ್ತಿ ಬರುವ ಉಣ್ಣೆಯನ್ನು ಅಂಗಡಿಯಿಂದ ತರಿಸುವುದೆಂದು ನಿಶ್ಚಯವಾಯಿತು.

ತುಕ್ಕೆಂಬ ಮಾತು ಬಂದದ್ದೇ ತಡ, ಹೊಸ ವಾಗ್ವಾದ ಮೊದಲಾಯಿತು. ಚಳಿಯ ವಿಷಯ ಅದುವರೆಗೆ ಹೊರಗಿನ ಶತ್ರುವಿನದಾಗಿದ್ದಿತು. ಈಗ ತಿಳಿದುಬಂದುದೇನೆಂದರೆ, ಶತ್ರು ಮಂಚದ ಮೇಲೆಯೇ ಮಲಗಿದ್ದಾನೆ. ಇಬ್ಬರು ರಾತ್ರಿಯೆಲ್ಲ ನಿದ್ದೆ ಮಾಡಿದರೆ ಅವರ ಉಸಿರಿನಿಂದಲೂ ಮೈಯಿಂದಲೂ ಅರ್ಧ ಲೀಟರಿಗೂ ಮಿಕ್ಕಿದ ನೀರು ಆವಿಯಾಗಿ ಹೊರಡುವುದು. ಒಲೆಯಲ್ಲಿ ಒಂದು ಕಿಲೋ ಪ್ರೊಪೇನ್ ಅನಿಲ ಉರಿದರೆ ಒಂದೂವರೆ ಕಿಲೋವಿಗಿಂತ ಹೆಚ್ಚು ನೀರು ಹುಟ್ಟುವುದು. ವ್ಯಾನಿನೊಳಗೆ 20 ಡಿಗ್ರಿ ಶಾಖವೂ ನೂರಕ್ಕೆ 60ರಷ್ಟು ತೇವವೂ ಇದ್ದರೆ, ಆ ಗಾಳಿ 12 ಡಿಗ್ರಿಗೆ ತಣಿದ ಎಲ್ಲ ಕಡೆಯಲ್ಲಿಯೂ ಇಬ್ಬನಿಯಾಗಿ ಇಳಿಯುತ್ತದೆ. ಜನವರಿಯ ಯಾರ್ಕ್‌ಷೈರಿನಲ್ಲಿ ವ್ಯಾನಿನ ತಗಡು 12 ಡಿಗ್ರಿಯನ್ನು ಕನಸಿನಲ್ಲಿಯೂ ಕಾಣದು. ಹೀಗೆ, ನಾವೇ ಬಿಟ್ಟ ಉಸಿರು ಬೆಚ್ಚನೆಯ ಹೊದಿಕೆಯನ್ನು ನುಸುಳಿ, ಹಿಂದಿನ ತಗಡನ್ನು ಮುಟ್ಟಿ, ಕಣ್ಣಿಗೆ ಕಾಣದಂತೆ ನೀರಾಗಿ, ಅಲ್ಲಿಯೇ ಕುಳಿತು ಕಬ್ಬಿಣವನ್ನು ತಿನ್ನುವುದು.

ಅಳಿಯ ಇದನ್ನು ವಿವರಿಸುತ್ತಿದ್ದಾಗ ನನ್ನ ಕಣ್ಣಮುಂದೆ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಬರುವ ಮಳೆಗಾಲದ ಬಸ್ಸು ನಿಂತಿದ್ದಿತು. ಕಿಟಕಿಗಳಿಗೆಲ್ಲ ಟಾರ್ಪಾಲಿನ ಪರದೆ ಇಳಿಬಿಟ್ಟಿದೆ. ಒಳಗೆ ಒದ್ದೆ ಕಂಬಳಿಗಳು, ಬೀಡಿಯ ಹೊಗೆ, ಸೀಟಿನಡಿಯ ಹಲಸಿನಹಣ್ಣು, ಐವತ್ತು ಜನದ ಉಸಿರು. ಮುಂದಿನ ಗಾಜು ಒಳಗಿನಿಂದ ಹಾಲಾಗಿ, ಅದರ ಮೇಲೆ ಕಂಡಕ್ಟರನ ಹಿಂದೆ ನಿಂತ ನಾವು ಬೆರಳಿನಿಂದ ಆನೆ ಬರೆಯುತ್ತಿದ್ದೆವು. ಡ್ರೈವರು ಬಟ್ಟೆಯಿಂದ ಒರೆಸಿದಷ್ಟೂ ಗಾಜು ಮತ್ತೆ ಮಬ್ಬಾಗುತ್ತಿದ್ದಿತು. ಕಡೆಗೆ ಆತ ಗಾಡಿಯನ್ನು ಬದಿಗೆ ನಿಲ್ಲಿಸಿ, ತಿರುಗಿ ಗದರಿದ: “ಒಂದೆರಡು ಪರದೆ ಎತ್ರೋ ಮಾರಾಯ್ರಾ, ನಿಮ್ಮ ಉಸುರಲ್ಲಿ ನಂಗೆ ದಾರೀನೇ ಕಾಣ್ತಿಲ್ಲ!” ಎತ್ತಿದ ಪರದೆಯ ಪಕ್ಕದವರು ನೆನೆದರು, ಮಿಕ್ಕವರು ಊರು ಮುಟ್ಟಿದರು.

ಈ ತೇವದ ವಿಷಯದಲ್ಲಿ ವ್ಯಾನು ಕಟ್ಟುವವರೊಳಗೆ ಎರಡು ಮತಗಳುಂಟು, ಒಂದಕ್ಕೊಂದು ಬದ್ಧದ್ವೇಷ. ಒಳಗೋಡೆಯ ಹಿಂದೆ ಪ್ಲಾಸ್ಟಿಕ್ ಹಾಳೆಯೊಂದನ್ನು ಸಂದಿಲ್ಲದಂತೆ ಹೊದಿಸಿ ಉಸಿರು ತಗಡಿನ ಹತ್ತಿರ ಸುಳಿಯದಂತೆ ಮಾಡಬೇಕೆಂಬುದು ಮೊದಲನೆಯ ಮತ. ಕಪಾಟಿಗೂ ದೀಪಕ್ಕೂ ಎಂದು ನೂರು ಮೊಳೆ ಹೊಡೆದ ಮೇಲೆ ಸಂದಿಲ್ಲದ ಹಾಳೆ ಎಲ್ಲಿಂದ ಬಂದಿತು, ಒಳಹೊಕ್ಕ ತೇವ ಹೊರಬರಲು ಇದ್ದ ಒಂದು ದಾರಿಯನ್ನೂ ಮುಚ್ಚಿದಂತಾಯಿತು, ಹಾಳೆ ಬೇಡ, ಉಣ್ಣೆಯೇ ತೇವವನ್ನು ರಾತ್ರಿ ಹೀರಿ ಹಗಲು ಬಿಡಲಿ ಎಂಬುದು ಎರಡನೆಯದು. ಭಾಷ್ಯಕಾರರ ಖಂಡನಮಂಡನಗಳನ್ನು ಓದಿ ಅಭ್ಯಾಸವಾದ ನನಗೆ ಇಲ್ಲಿಯೇ ಮೊದಲ ಬಾರಿಗೆ ಸ್ವಗೃಹಕ್ಕೆ ಬಂದಂತಾಯಿತು. ಎರಡು ಪಕ್ಷಗಳ ವಾದವನ್ನೂ ಆಲಿಸಿ, ಎರಡಕ್ಕೂ ತಲೆದೂಗಿ, ಯಾವುದಕ್ಕೂ ಸಹಿ ಹಾಕದೆ ಎದ್ದು ಹೋದೆ.

ನಿರ್ಣಯ ಬಂದುದು ಪಕ್ಕದ ಮನೆಯಿಂದ. ಅಲ್ಲಿರುವವನು ಕೆಲಸದಿಂದ ನಿವೃತ್ತನಾದ ಬಡಗಿ. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಪರಸ್ಪರ ಪರಿಚಯವಿಲ್ಲದವು. ಆದರೂ ಬೇಲಿಯ ಎರಡು ಕಡೆ ನಿಂತು ನಾವು ಬಹಳ ಹೊತ್ತು ಮಾತನಾಡುತ್ತೇವೆ. ಒಂದು ಮಧ್ಯಾಹ್ನ, ಮಂಚವನ್ನು ಅಡ್ಡಲಾಗಿ ಹಾಕಬಹುದೇ ಎಂದು ಅಳೆಯುವುದಕ್ಕಾಗಿ ನನ್ನನ್ನು ವ್ಯಾನಿನೊಳಗೆ ಮಲಗಿಸಿದ್ದರು. ಬರಿಯ ತಗಡಿನಿಂದ ತಗಡಿಗೆ ಸುಮಾರು 178 ಸೆಂಟಿಮೀಟರ್; ಎರಡು ಕಡೆಯೂ ಹೊದಿಕೆ, ಹಲಗೆ ಎಂದು ಕಳೆದರೆ ಆರಡಿಯ ಅಳಿಯನಿಗೆ ಆ ಆಸೆ ಇಲ್ಲ; ಐದಡಿ ನಾಲ್ಕಂಗುಲದ ನಾನು ಮಾತ್ರ ಅತಿಥಿಯಾಗಿ ಹಿಡಿಯಬಹುದು. ಹೊದಿಕೆ ದಪ್ಪವಾದಷ್ಟೂ ಅಪ್ಪ ಮೊಟಕಾಗಬೇಕು ಎಂದು ಮಗಳು ನಗುತ್ತಿದ್ದಳು. ಕೋಟು ಹಾಕಿಕೊಂಡು, ಎದೆಯ ಮೇಲೆ ಕೈಯಿಟ್ಟು, ಕಣ್ಣುಮುಚ್ಚಿ ರಟ್ಟಿನ ಮೇಲೆ ನೀಳವಾಗಿದ್ದ ನನ್ನನ್ನು ತೆರೆದ ಬಾಗಿಲಿನಿಂದ ಕಂಡ ಬಡಗಿ ಟೊಪ್ಪಿಗೆ ತೆಗೆದು ನಿಂತ. ನಾನು ಕಣ್ಣು ಬಿಟ್ಟು ನಮಸ್ಕಾರ ಹೇಳಿದಾಗ ಅವನಿಗಾದ ಸಂತೋಷ ಪ್ರಾಮಾಣಿಕವಾದುದು. ಆ ಸಂತೋಷದಲ್ಲಿ ಅವನು ವ್ಯಾನಿನ ಒಳಹೊಕ್ಕು, ಪಕ್ಕೆಲುಬುಗಳಂತಿದ್ದ ಉಕ್ಕಿನ ಪಟ್ಟಿಗಳನ್ನು ಬೆರಳಿನಿಂದ ತಟ್ಟಿ, ಎರಡು ಮತಗಳ ವಾದವನ್ನೂ ಕೇಳಿ, ತಲೆಯ ಮೇಲಿನ ಮಾಡನ್ನು ತೋರಿಸಿ ಹೇಳಿದ್ದು ಇಷ್ಟು: ಏನನ್ನಾದರೂ ತುರುಕಿಕೊಳ್ಳಿ; ಇಲ್ಲೊಂದು ತೂತು ಕೊರೆಯಿರಿ. ನಮ್ಮ ಬಸ್ಸಿನ ಡ್ರೈವರನಿಗೂ ಇವನಿಗೂ ಯಾವ ಜನ್ಮದ ಸಂಬಂಧವೋ.

ಅಲ್ಲಿಂದಾಚೆಗೆ ಕೆಲಸ ಸರಸರನೆ ಸಾಗಿತು. ಕಾಲಿನ ಭಾರ ತಾಳಬೇಕಾದ ನೆಲಕ್ಕೆ ಪಾಲಿಸ್ಟೈರೀನ್ ಹಲಗೆ; ಡೊಂಕಾದ ಕಡೆಗೂ ಉಕ್ಕಿನ ಪಟ್ಟಿಗಳಿಗೂ ಅಂಟಿಸುವ ಕರಿಯ ರಬ್ಬರಿನ ಹಾಳೆ; ಗೋಡೆಯ ದೊಡ್ಡ ಪೊಳ್ಳುಗಳಿಗೂ ಮಾಡಿಗೂ ಉಣ್ಣೆ. ಅಳಿಯನ ಮನಸ್ಸು ನೋಯದಿರಲೆಂದು ಹಿಂಬಾಗಿಲಿನ ನೆಟ್ಟಗಿರುವ ಭಾಗಕ್ಕೆ ಪಿಐಆರ್. ಉಣ್ಣೆ ತುಂಬುವ ಹೊಣೆ ನನ್ನ ಪಾಲಿಗೆ ಬಂದಿತು. ಸುರುಳಿಯನ್ನು ಕತ್ತರಿಯಿಂದ ಕತ್ತರಿಸಕೂಡದು, ಕೈಯಿಂದ ಹರಿಯಬೇಕು. ಹರಿದ ಅಂಚು ನವಿರಾಗಿ ಪಕ್ಕದ ತುಂಡಿನೊಡನೆ ಬೆರೆಯುತ್ತದೆ. ಪೊಳ್ಳಿನ ಮೂಲೆಗೆ ಬೆರಳಿನಿಂದ ದೂಡಿ, ಅಂಗೈಯಿಂದ ಮೆಲ್ಲಗೆ ತಟ್ಟಿ ಬಿಡಬೇಕು. ಹಾಸಿಗೆ ತುಂಬುವವನ ಉತ್ಸಾಹದಲ್ಲಿ ನಾನು ಒತ್ತಲು ಹೋದರೆ, “ಅಷ್ಟು ಗಿಡಿಯಬೇಡಿ ಮಾವ, ಒಳಗಿರೋ ಗಾಳಿ ಹೋಗುತ್ತೆ,” ಎಂದು ಅಳಿಯ ಎಚ್ಚರಿಸುವನು. ಸಂಜೆಯ ಹೊತ್ತಿಗೆ ನನ್ನ ಹುಬ್ಬು ಮೀಸೆಗಳೆಲ್ಲ ಬೂದುಬಣ್ಣದ ಎಳೆ. ಕೈಯಲ್ಲಿ ಕುರಿಯ ಜಿಡ್ಡಿನ ನುಣುಪು. ಗೋಡೆಗಳಿಗೆ ಪ್ಲೈವುಡ್ ಹೊಡೆದು ಎಲ್ಲವೂ ಭದ್ರವಾಗಿ ಮುಚ್ಚಿದ ಮರುದಿನವೇ ಅಳಿಯ ಮಾಡಿನ ಮೇಲೇರಿ, ಗರಗಸ ಹಿಡಿದು, ಹದಿನಾಲ್ಕು ಅಂಗುಲದ ಒಂದು ಚೌಕವನ್ನು ಕತ್ತರಿಸಿ ತೆಗೆದು, ಅಲ್ಲಿ ಮುಚ್ಚಳವಿರುವ ಫ್ಯಾನೊಂದನ್ನು ಕೂರಿಸಿದ. ಕತ್ತರಿಸಿದ ಚೌಕದಲ್ಲಿ ನಾನು ತುಂಬಿದ ಉಣ್ಣೆಯೂ ಸೇರಿ ಹೋಯಿತು.

ಡೇಲ್ಸ್‌ನ ಒಂದು ಶಿಬಿರದಲ್ಲಿ ನಾವು ಮೂವರೂ ಅದರಲ್ಲಿ ಮಲಗಿ ಎದ್ದ ದಿನ, ಹೊರಗೆ ಹುಲ್ಲಿನ ಮೇಲೆಲ್ಲ ಮಂಜು ಉಪ್ಪಿನಂತೆ ಗಟ್ಟಿಯಾಗಿದ್ದಿತು. ಮೊಣಕಾಲಿನ ನೋವನ್ನು ಮುಂದಿಟ್ಟು ವಿಮಾನ ಹತ್ತಲು ಒಪ್ಪದೆ ಶಿವಮೊಗ್ಗದಲ್ಲಿಯೇ ಉಳಿದಿದ್ದ ನನ್ನಾಕೆಯ ಫೋನು ಬಂದಿತು.

“ಚಳಿ ಆಗಲಿಲ್ವೆ?”

“ಇಲ್ಲ, ಬೆಚ್ಚಗೇ ಇತ್ತು.”

“ಕಿಟಕಿ ಎಲ್ಲ ಭದ್ರವಾಗಿ ಹಾಕಿಕೊಂಡಿದ್ರಿ ತಾನೆ?”

“ಕಿಟಕಿ ಹಾಕಿದ್ವಿ. ಮಾಡಿನಲ್ಲಿ ಒಂದು ಕಂಡಿ ಕೊರೆದಿದಾರೆ, ಅದನ್ನ ರಾತ್ರಿಯೆಲ್ಲ ತೆಗೆದೇ ಇಡಬೇಕಂತೆ.”

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. “ಇಷ್ಟು ದಿನ ಬಡಿದಾಡಿ, ಅಷ್ಟು ದುಡ್ಡು ಸುರಿದು, ಗೋಡೆಗೆಲ್ಲ ಕಂಬಳಿ ಹೊದಿಸಿ, ಕೊನೆಗೆ ನೆತ್ತಿ ಮೇಲೆ ತೂತು ಕೊರೆದ್ರಾ?” ಎಂದಳು. ಶಾಸ್ತ್ರಾರ್ಥಕ್ಕೆ ಅಧಿಕಾರಿ ನಾನಲ್ಲವೆಂದು ಫೋನನ್ನು ಅಳಿಯನ ಕೈಗೆ ಕೊಟ್ಟೆ. ಅವನು ಗಂಟಲು ಸರಿಮಾಡಿಕೊಂಡು, “ಅತ್ತೆ, ಲ್ಯಾಂಬ್ಡಾ ಅಂತ ಒಂದಿದೆ,” ಎಂದು ಆರಂಭಿಸಿದ. ಅವಳು ಒಂದು ನಿಮಿಷ ಕೇಳಿಸಿಕೊಂಡು, “ಇರಪ್ಪ, ಕುಕ್ಕರ್ ಕೂಗ್ತಾ ಇದೆ,” ಎಂದು ಫೋನ್ ಇಟ್ಟುಬಿಟ್ಟಳು.